ಕಾಶಪ್ಪ ಬೂಟು ಬಿಚ್ಚುವ ಹೊತ್ತು

"ನನ್ನ ಕಾಶಪ್ಪನ ಬೂಟು ಎಲ್ಲಿ ಹೋದುವ್ರೀ?"

ಗೋರೆಗಾಂವ್‌ನ ಎಡಿಟಿಂಗ್ ರೂಮಿನ ಬಾಗಿಲು ದೂಡಿಕೊಂಡು ಬಂದವನ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಪರಿಚಯವಿಲ್ಲ, ಕೂಡಬಹುದೇ ಎಂಬ ಸೌಜನ್ಯವಂತೂ ಇಲ್ಲವೇ ಇಲ್ಲ!

ಎಡಿಟರ್ ಸೋನಾಲಿ ತೆರೆಯಿಂದ ಕಣ್ಣು ಕೀಳಲಿಲ್ಲ. "ನೀವು ಶರಣ ಅಲ್ಲಾ? ಮೂರನೇ ಕಥೀ ಡೈರೆಕ್ಟರ್?"

"ಹೌದ್ರೀ. ಬೂಟು ಎಲ್ಲಿ?"

"ಕಟ್ ಮಾಡೇನಿ."

"ಯಾಕ?"

"ಸ್ಲೋ ಇತ್ತು."

ಶರಣನ ಮುಖ ಕೆಂಪಾಯಿತು. ಸೋನಾಲಿಯ ಮುಖದಲ್ಲಿ ಏನೂ ಆಗಲಿಲ್ಲ. ಅದೇ ಅವನನ್ನು ಇನ್ನಷ್ಟು ಕೆರಳಿಸಿತು.

"ನೀವು ಆ ಅನಿಲಕುಮಾರನ ಕಡೆ ಅದೀರಿ. ಅವನ ಕಥೀ ಉಳೀಲಿ, ನಂದು ಹೋಗಲಿ ಅಂತ!"

"ನಾ ಯಾರ ಕಡೆನೂ ಇಲ್ಲ," ಎಂದಳು ಅವಳು. ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ಅವಳು ತನ್ನ ಕಡೆಯೂ ಇರಲಿಲ್ಲ.

ಅದೊಂದು ಕನ್ನಡ ಸಿನಿಮಾ. ನಾಲ್ಕು ನಗೆಕಥೆ, ನಾಲ್ವರು ನಿರ್ದೇಶಕರು, ಟಿಕೆಟ್ ಒಂದೇ. ಇಂಥ ಸಿನಿಮಾಗಳ ಹಣೆಬರಹ ನಿಮಗೂ ಗೊತ್ತಿರುತ್ತದೆ. ಒಂದು ಕಥೆಗೆ ಹೊಟ್ಟೆ ಹಿಡಿದು ನಗುತ್ತೇವೆ, ಮುಂದಿನದಕ್ಕೆ ಮೊಬೈಲ್ ಹೊರಗೆ ತೆಗೆಯುತ್ತೇವೆ. ಇದರಲ್ಲೂ ಹಾಗೇ ಆಗಿತ್ತು. ಮೊದಲಿನದು ಚೆನ್ನಾಗಿತ್ತು, ಎರಡನೆಯದು ಪರವಾಗಿಲ್ಲ, ನಾಲ್ಕನೆಯದಾದ ಅನಿಲಕುಮಾರನ ಕಥೆಯಲ್ಲಿ ಗಂಡಸಿಗೆ ಸೀರೆ ಉಡಿಸಿ ಓಡಿಸುವುದೊಂದು ಬಿಟ್ಟರೆ ಬೇರೇನೂ ಇರಲಿಲ್ಲ.

ನಿರ್ಮಾಪಕ ಬಸವಂತರಾಯರು ಬೆಳಗಾವಿಯಿಂದ ಬಂದು ದಾದರ್‌ನಲ್ಲಿ ಸೀರೆ ಅಂಗಡಿ ಇಟ್ಟವರು. ಅವರು ಸೋನಾಲಿಗೆ ಹೇಳಿದ್ದು ಇಷ್ಟೇ. "ನಾಲ್ಕೂ ಒಂದ ಕೈಯಾಗ ಮಾಡಿದಂಗ ಕಾಣಬೇಕವ್ವಾ. ಜಗ್ಗಿದಲ್ಲೆ ಕತ್ತರಿ ಹಾಕು. ಮಾಟುಂಗದಾಗ ನಮ್ಮ ಮಂದೀಗೆ ತೋರಸೂಣು. ಯಾವ ಕಥೀಗೆ ನಗಂಗಿಲ್ಲೋ ಅದನ್ನ ತೆಗದ ಒಗಿಯೂಣು."

ವರ್ಷಗಟ್ಟಲೆ ಬೇರೆಯವರ ಸೆಟ್ಟಿನಲ್ಲಿ ಸಹಾಯಕನಾಗಿ ಕ್ಲಾಪ್ ಬೋರ್ಡ್ ಹೊಡೆದ ಶರಣನಿಗೆ ಸಿಕ್ಕಿದ್ದು ಈ ಒಂದೇ ಕಥೆ. ಅದೂ ಹೋದರೆ ತನ್ನೂರು ವಿಜಯಪುರದ ಬಸ್ಸು ಹತ್ತುವುದೇ ಬಾಕಿ.

ಕಥೆ ಸಣ್ಣದು. ಕಾಶಪ್ಪ ಕಾರ್ಖಾನೆಯಿಂದ ನಿವೃತ್ತನಾಗುತ್ತಾನೆ. ಮನೆಯಲ್ಲಿ ಹೇಳಲು ನಾಚಿಕೆ. ದಿನಾ ಡಬ್ಬಿ ಹಿಡಿದು ಲೋಕಲ್ ರೈಲು ಹತ್ತಿ, ಗಾರ್ಡನ್ನಿನಲ್ಲಿ ಕುಳಿತು, ಸಂಜೆ ಮನೆಗೆ ಬರುತ್ತಾನೆ. ಹೆಂಡತಿ ಮಲ್ಲಕ್ಕನಿಗೆ ಎಲ್ಲಾ ಗೊತ್ತು. ಒಂದು ಸಂಜೆ ಬಾಗಿಲಲ್ಲೇ ಕೇಳುತ್ತಾಳೆ, "ಇವತ್ತ ಓವರ್‌ಟೈಮ್ ಇಲ್ಲೇನು?"

ಕಾಶಪ್ಪ ಬಗ್ಗಿ ಬೂಟಿನ ಲೇಸು ಬಿಚ್ಚುತ್ತಾನೆ. ಕಾಲುಚೀಲ ತೆಗೆದು ಬೂಟಿನೊಳಗೆ ತುರುಕುತ್ತಾನೆ. ಮತ್ತೆ ಹೊರಗೆ ತೆಗೆದು ಮತ್ತೆ ತುರುಕುತ್ತಾನೆ. ಆಮೇಲೆ, "ಸಾಹೇಬ್ರು... ಬ್ಯಾಡಂದ್ರು."

ಸೋನಾಲಿಯ ಕತ್ತರಿ ಬಿದ್ದ ಮೇಲೆ ಲೇಸೂ ಇರಲಿಲ್ಲ, ಕಾಲುಚೀಲವೂ ಇರಲಿಲ್ಲ. ಕೇಳಿದ ಕೂಡಲೇ ಉತ್ತರ!

ಮರುದಿನವೂ ಶರಣ ಬಂದ. ಈ ಸಲ ಜಗಳಕ್ಕಲ್ಲ. ಎರಡು ಗ್ಲಾಸು ಚಹಾ ತಂದು ಒಂದನ್ನು ಅವಳ ಕೀಬೋರ್ಡಿನ ಪಕ್ಕ ಇಟ್ಟು ಹಿಂದಿನ ಕುರ್ಚಿಯಲ್ಲಿ ಕುಳಿತ. ಅದರ ಮರುದಿನವೂ ಬಂದ.

ಎಲ್ಲರೂ ಅವಳಿಗೆ 'ಸ್ವಲ್ಪ ನಗು ಸೋನಾಲಿ' ಎನ್ನುತ್ತಿದ್ದರು. ಇವನು ಅನ್ನಲಿಲ್ಲ. ಒಂದು ದಿನ ಮಾತ್ರ ಮೆಲ್ಲಗೆ ಕೇಳಿದ, "ಇಷ್ಟ ಕಾಮಿಡಿ ನೋಡತೀರಿ... ನಗೂ ಬರಂಗಿಲ್ಲೇನ್ರಿ?"

"ಇಲ್ಲ."

"ಅಳು?"

"ಅದೂ ಇಲ್ಲ. ಅಪ್ಪ ಹೋದಮ್ಯಾಲ ಕುಛ್ ಭೀ ನಹೀ. ಖಾಲಿ." ತನ್ನ ಬಾಯಿಂದ ಇಷ್ಟು ಮಾತು ಬಂದದ್ದು ಅವಳಿಗೇ ಆಶ್ಚರ್ಯ. "ಮಂದಿ ಎಲ್ಲಾ ಅಳು ಅಳು ಅಂದ್ರು. ಬರಲಿಲ್ಲ. ಮೂರನೇ ದಿನಕ್ಕ ಕೆಲಸಕ್ಕ ಬಂದೆ."

ಶರಣ ಗ್ಲಾಸನ್ನು ಅವಳ ಕೈಹತ್ತಿರ ಸರಿಸಿದ. "ಸಮಾಧಾನ ಹೇಳಬೇಕಂತ ಮಾಡಿದೆ. ಏನ ಹೇಳಬೇಕು ತಿಳೀವಲ್ದು. ಚಾ ಕುಡೀರಿ, ಆರತೈತಿ."

ಅವಳು ಕುಡಿದಳು. 'ಇವನು ನಾಳೆಯೂ ಬರುತ್ತಾನಾ?' ಎಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದು, ಹಾಗೇ ಆರಿಹೋಯಿತು.

ಎಡಿಟಿಂಗಿನ ಕೊನೆಯ ದಿನ ಎದ್ದು ಹೋಗುವಾಗ ಶರಣ, "ಬೂಟಿನ ವಿಷಯ ಬಿಟ್ಟೆ. ನಿಮಗ ನನಗಿಂತ ಹೆಚ್ಚ ತಿಳೀತೈತಿ," ಅಂದ. ಜಗಳವಾಡಿದ್ದರೇ ಚೆನ್ನಾಗಿತ್ತು!

ಭಾನುವಾರ ಮಾಟುಂಗದ ಕನ್ನಡ ಸಂಘದ ಹಾಲ್ ತುಂಬಿತ್ತು. ಮೊದಲ ಕಥೆಗೆ ಜನ ನಕ್ಕರು, ಎರಡನೆಯದಕ್ಕೂ ನಕ್ಕರು. ಕಾಶಪ್ಪ ಬಂದ. ಮಲ್ಲಕ್ಕ ಕೇಳಿದಳು, ಅವನು ಹೇಳಿದ...

ಯಾರೂ ನಗಲಿಲ್ಲ. ಯಾರೋ ಕೆಮ್ಮಿದರು. ಸೀರೆ ಉಟ್ಟ ಗಂಡಸು ಓಡಿದಾಗ ಮಾತ್ರ ಮಕ್ಕಳಾದರೂ ಕೇಕೆ ಹಾಕಿದರು.

"ಮೂರನೇದು ತಗೀರಿ," ಎಂದರು ಬಸವಂತರಾಯರು, ಎದ್ದು ನಿಲ್ಲುತ್ತಲೇ.

ಶರಣ ಅವಳ ಮುಂದೆಯೇ ಹಾದುಹೋದ. "ನಂಬಿದ್ದೆ ನಿಮ್ಮನ್ನ," ಎಂದ, ಮುಖ ನೋಡದೆ. ಬೈದಿದ್ದರೂ ಇಷ್ಟು ನಾಟುತ್ತಿರಲಿಲ್ಲ.

ಸೋನಾಲಿ ವಿಕ್ರೋಳಿಯ ತನ್ನ ಮನೆ ಮುಟ್ಟಿದಾಗ ಬಾಗಿಲು ತೆರೆದವಳು ತಾಯಿ ಲಕ್ಷ್ಮವ್ವ. "ಲಗೂ ಬಂದೆಲ್ಲಾ ಸೋನೂ?"

ಸೋನಾಲಿ ಚಪ್ಪಲಿ ಬಿಚ್ಚಲು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

ಇದೇ ಹೊಸ್ತಿಲಲ್ಲಿ ಅಪ್ಪ ಗುರಲಿಂಗಪ್ಪ ದಿನಾ ಸಂಜೆ ಫ್ಯಾಕ್ಟರಿಯಿಂದ ಬಂದು ಬೂಟು ಬಿಚ್ಚುತ್ತಿದ್ದರು. ನಿಧಾನವಾಗಿ. ಒಳಗಿನಿಂದ ಯಾರಾದರೂ ಏನಾದರೂ ಕೇಳಿದರೆ, ಎರಡೂ ಬೂಟು ಬಿಚ್ಚುವವರೆಗೆ ಉತ್ತರವಿಲ್ಲ.

'ಆ ದೃಶ್ಯ ಸ್ಲೋ ಇರಲಿಲ್ಲ... ನನಗೆ ನೋಡಲು ಆಗಲಿಲ್ಲ!'

ಅವಳಿಗೆ ಈಗ ತಿಳಿಯಿತು. ಕಾಶಪ್ಪ ಬಗ್ಗಿದ ಕೂಡಲೇ ಅವಳ ಬೆರಳು ತಾನಾಗಿ ಕಟ್ ಒತ್ತಿತ್ತು. ಆ ಕಾಲುಚೀಲದ ಹೊತ್ತಿನಲ್ಲೇ ಜನ ಅವನ ಜೊತೆ ಸುಳ್ಳು ಹುಡುಕಿ ನಗಬೇಕಿತ್ತು. ಆ ಹೊತ್ತನ್ನೇ ಅವಳು ಜನರಿಂದ ಕಿತ್ತುಕೊಂಡಿದ್ದಳು. ಇಷ್ಟು ತಿಳಿದರೂ ಕಣ್ಣು ಒಣಗಿಯೇ ಇತ್ತು.

ಮರುದಿನ ಬೆಳಿಗ್ಗೆ ಅವಳು ದಾದರ್‌ನ ಸೀರೆ ಅಂಗಡಿಯಲ್ಲಿ ನಿಂತಿದ್ದಳು.

"ತಪ್ಪು ಕಥೀದಲ್ಲ, ನಂದು. ಒಂದ ಸೀನ್ ನನ್ನ ಸಲುವಾಗಿ ಕಟ್ ಮಾಡೇನಿ. ವಾಪಸ್ ಹಾಕತೇನಿ, ಇನ್ನೊಮ್ಮೆ ತೋರಸ್ರಿ."

ಬಸವಂತರಾಯರು ಕನ್ನಡಕ ತೆಗೆದರು. "ಹಿಂಗ ಬಾಯಿಬಿಟ್ಟ ಹೇಳಿದ್ರ, ಮುಂದ ನಿನಗ ಕೆಲಸ ಯಾರ ಕೊಡತಾರವ್ವಾ?"

"ಕೊಡದಿದ್ರ ಬಿಡಲಿ. ಅವನ ಕಥೀ ಉಳೀಬೇಕು." ಎಷ್ಟೋ ತಿಂಗಳ ಮೇಲೆ ಅವಳಿಗೆ ಏನೋ ಒಂದು ಬೇಕೆನಿಸಿತ್ತು!

ಮುಂದಿನ ಭಾನುವಾರ ಮಧ್ಯಾಹ್ನ ಅದೇ ಹಾಲ್, ಅದೇ ಜನ. ಶರಣ ಹಿಂದಿನ ಗೋಡೆಗೆ ಒರಗಿ ನಿಂತಿದ್ದ.

"ಇವತ್ತ ಓವರ್‌ಟೈಮ್ ಇಲ್ಲೇನು?"

ಕಾಶಪ್ಪ ಬಗ್ಗಿದ. ಲೇಸು ಎಳೆದ. ಮಲ್ಲಕ್ಕ ತುಟಿ ಬಿಗಿಹಿಡಿದು ನೋಡುತ್ತಿದ್ದಾಳೆ. ಕಾಲುಚೀಲ ಒಳಗೆ ಹೋಯಿತು, ಹೊರಗೆ ಬಂತು... ಎಲ್ಲೋ ಒಬ್ಬ ಅಜ್ಜಿ ಕಿಸಕ್ಕೆಂದಳು. ಅವನು ಬಾಯಿ ತೆರೆಯುವ ಮೊದಲೇ ಹಾಲ್‌ಗೆ ಹಾಲೇ ನಕ್ಕಿತು!

ಆ ನಗೆಯ ನಡುವೆ ಸೋನಾಲಿ ಎದ್ದು ಹೊರಗೆ ಓಡಿದಳು.

ಶರಣ ಬಂದಾಗ ಅವಳು ಮೆಟ್ಟಿಲ ಮೇಲೆ ಕುಳಿತು ಬಿಕ್ಕುತ್ತಿದ್ದಳು. ಅಪ್ಪ ಹೋದ ದಿನದ ಅಳು, ಮೂರನೇ ದಿನದ ಅಳು, ಬಾರದೆ ಉಳಿದದ್ದೆಲ್ಲಾ ಒಟ್ಟಿಗೇ ಬಂದಿತ್ತು.

"ಒಳಗ ಎಲ್ಲಾರೂ ನಗಲಿಕತ್ತಾರ... ನೀವು?"

"ನಿಂದ್ರಸಾಕ ಬರವಲ್ದು. ನೀವು ಹೋಗ್ರಿ, ನಿಮ್ಮನ್ನ ಹುಡಕತಾರ."

"ಹುಡಕಲಿ." ಅವನು ಒಂದು ಮೆಟ್ಟಿಲು ಕೆಳಗೆ ಕುಳಿತ. "ರಾಯರು ಎಲ್ಲಾ ಹೇಳಿದ್ರು. ನಾನು ತಪ್ಪ ತಿಳಕೊಂಡಿದ್ದೆ. ಅವತ್ತ ಮುಖ ನೋಡದ ಹೋದೆ."

"ತಪ್ಪ ನಂದ. ನಮ್ಮಪ್ಪನೂ ಹಂಗ ಬೂಟು ಬಿಚ್ಚತಿದ್ದ, ಶರಣ..."

ಅವನು ಅವಳ ಅಳು ಇಳಿಯುವವರೆಗೆ ಕಾದ.

ಒಳಗೆ ಅನಿಲಕುಮಾರನ ಕಥೆ ಶುರುವಾಗಿತ್ತು. ಅದು ಹೋದ ವಾರದಷ್ಟೇ ಕೆಟ್ಟದಾಗಿತ್ತು. ಬಸವಂತರಾಯರು ಹೊರಗೆ ಇಣುಕಿ, "ನಾಲ್ಕೂ ಇರಲಿ ಬಿಡ್ರಿ. ಒಂದಕ್ಕ ಬೈತಾರ, ಒಂದಕ್ಕ ನಗತಾರ," ಎಂದವರು, ಅವರಿಬ್ಬರನ್ನು ನೋಡಿ ಬಾಗಿಲು ಮುಂದೆ ಮಾಡಿಕೊಂಡು ಹೋದರು.

"ಸೋನಾಲಿ."

"ಹ್ಞಾಂ?"

"ನನಗ ನೀವು ಬೇಕ್ರೀ. ನಕ್ಕಾಗೂ, ಅತ್ತಾಗೂ... ಏನೂ ಅನಸದ ಸುಮ್ಮ ಕುಂತಾಗೂ."

ಅವಳಿಗೆ ಸಂತೋಷವೂ ಆಯಿತು, ಭಯವೂ ಆಯಿತು. "ಇನ್ನೂ ಪೂರಾ ಸರಿ ಆಗಿಲ್ಲ ನಾನು. ನಾಳೆ ಮತ್ತ ಖಾಲಿ ಅನಸಬಹುದು."

"ಅನಸಲಿ. ಬಾಜೂಕ ಕುಂದರತೇನಿ."

ಅವಳು ದುಪಟ್ಟಾದಿಂದ ಮುಖ ಒರೆಸಿಕೊಂಡಳು. "ಶರಣ... ನನಗೂ ನೀವು ಬೇಕು." ಒಂದು ಕ್ಷಣ ಬಿಟ್ಟು, ತಾನೇ ನಂಬಲಾಗದವಳಂತೆ ಅಂದಳು, "ಮತ್ತ ಭಾಳ ಹಸಿವ್ಯಾಗೇತಿ."

ಅವನು ನಗುತ್ತಾ ಎದ್ದು ಕೈ ಚಾಚಿದ. "ಏಳ್ರಿ ಹಂಗಾರ, ದ್ವಾಸಿ ತಿನ್ನೂಣು."

ಅವಳು ಕೈ ಹಿಡಿದು ಎದ್ದಳು. ಗೇಟು ದಾಟಿದರೂ ಬಿಡಲಿಲ್ಲ.

"ಕೈ ಬಿಡಬ್ಯಾಡ್ರಿ. ರೋಡ್‌ನ್ಯಾಗ ಮಂದಿ ಗರ್ದಿ ಐತಿ."

ಶರಣ ಆ ಕಡೆ ಈ ಕಡೆ ನೋಡಿದ. "ರೋಡ್ ಖಾಲಿ ಐತಲ್ರೀ!"

"ಗೊತ್ತೈತಿ," ಎಂದಳು ಸೋನಾಲಿ.