ಒಂಬತ್ತಡಿ ದಾರ

ಹತ್ತೊಂಬತ್ತನೇ ತಾರೀಖು, ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಮುದ್ರಣಾಲಯದ ಮ್ಯಾನೇಜರು ಠಾಣೆಯ ಮೆಟ್ಟಿಲು ಹತ್ತಿದರು. ಅಂಗಿಯ ಗುಂಡಿಗಳು ಒಂದೊಂದು ತೂತು ತಪ್ಪಿ ಕೂತಿದ್ದವು, ಮುಖ ಹರಳೆಣ್ಣೆ ಕುಡಿದವರ ಹಾಗಿತ್ತು. ನರ್ಸುಗಳ ನೇಮಕಾತಿಯ ಪ್ರಶ್ನೆಪತ್ರಿಕೆ ಪರೀಕ್ಷೆಗೆ ಎರಡು ದಿನ ಮೊದಲೇ ಮೊಬೈಲುಗಳಲ್ಲಿ ಹರಿದಾಡಿ, ಪರೀಕ್ಷೆ ರದ್ದಾಗಿತ್ತು. ಸೋರಿದ್ದು ಅಚ್ಚಿಗೆ ಹೋಗುವ ಮೊದಲಿನ ಕರಡು. ನಾಲ್ಕು ಹಾಳೆ, ನಾಲ್ಕು ಫೋಟೋ. ನಾಲ್ಕರ ಮೇಲೂ ಕೆಂಪು ಶಾಯಿಯ ತಿದ್ದುಪಡಿ.

ಆ ಶಾಯಿ ಯಾರದ್ದೆಂದು ಕೇಳಬೇಕಾಗಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಕರಡು ತಿದ್ದುತ್ತಿದ್ದ ಹೆಂಗಸು, ಎಲ್ಲರ ಬಾಯಲ್ಲಿ ಪ್ರೂಫಮ್ಮ. ಈ ಕರಡು ತಿದ್ದಿದ ದಿನ ತಿದ್ದುವ ಕೋಣೆಯಲ್ಲಿ ಇದ್ದವರು ಅವರೊಬ್ಬರೇ.

ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೊಂದೂಕಾಲಿಗೆ ಮೇಲಧಿಕಾರಿಯ ಫೋನು ಬಂತು: ಶುಕ್ರವಾರ ಸಂಜೆ ಐದರೊಳಗೆ ಬಂಧನ ಆಗಬೇಕು, ಬೇರೆ ಯಾರೂ ಸಿಗದಿದ್ದರೆ ಆಕೆಯನ್ನೇ. ಇನ್‌ಸ್ಪೆಕ್ಟರ್ ಮೇಡಂ ಫೋನಿಟ್ಟು, ಎದುರಿಗಿದ್ದ ಹೆಡ್ ಕಾನ್‌ಸ್ಟೇಬಲನನ್ನು ನೋಡಿದರು.

ಅವನಿಗೆ ಠಾಣೆಯಲ್ಲಿ ಟೇಪಣ್ಣ ಎಂದೇ ಹೆಸರು. ಎಲ್ಲಿಗೆ ಹೋದರೂ ಜೇಬಿನಲ್ಲಿ ಅಳತೆಯ ಟೇಪು. ಮಂಚವನ್ನೂ ಅಳೆದೇ ಮಲಗುತ್ತಾನೆಂದು ಜೊತೆಯವರು ಛೇಡಿಸುತ್ತಿದ್ದರು. ಅಳೆದದ್ದು ಸುಳ್ಳು ಹೇಳುವುದಿಲ್ಲ ಎಂಬುದು ಅವನ ನಂಬಿಕೆ. ಬಾಯಿಂದ ಬಂದದ್ದು ಹೇಳುತ್ತದೆ ಎಂಬುದು ಇಪ್ಪತ್ತೇಳು ವರ್ಷದ ಅನುಭವ.

ಬುಧವಾರ ಒಂಬತ್ತಕ್ಕೆ ಕೋಣೆಯ ಪಂಚನಾಮೆ. ಮೂರನೇ ಮಹಡಿ, ಒಂದು ಬಾಗಿಲು, ರೈಲು ಹಳಿಗಳ ಕಡೆಗೆ ಒಂದು ಕಿಟಕಿ. ಕಿಟಕಿಗೆ ಬೆನ್ನು ಕೊಟ್ಟು ಕೂರುವ ಕುರ್ಚಿ, ಮುಂದೆ ಹಾಳೆ ಸಿಕ್ಕಿಸುವ ನೆಟ್ಟನೆಯ ಹಲಗೆ. ಪ್ರೂಫಮ್ಮನಿಗೆ ಕುತ್ತಿಗೆ ನೋವು. ಬಗ್ಗಿ ಓದಲಾಗದೆ ಅವರೇ ಮಾಡಿಸಿಕೊಂಡ ಹಲಗೆ ಅದು. ಹಲಗೆಯ ಹಿಂದಿನ ಗೋಡೆಯಲ್ಲಿ 'ಕಿಟಕಿ ತೆರೆಯಬಾರದು' ಎಂಬ ಫಲಕ. ಫೋಟೋ ತೆಗೆಯಲು ಎಂದಿನಂತೆ ಫೋಟೋ ಮಾವ ಬಂದಿದ್ದರು. ಒಂದು ಕಾಲದಲ್ಲಿ ಕ್ರೀಡಾಂಗಣದ ಅಂಚಿನಲ್ಲಿ ಕೂತು ಪತ್ರಿಕೆಗಳಿಗೆ ಆಟದ ಚಿತ್ರ ತೆಗೆದವರು. ಈಗ ಠಾಣೆ ಕರೆದಾಗ ಬರುತ್ತಿದ್ದರು. ಕ್ಯಾಮೆರಾ ವಿಷಯದಲ್ಲಿ ಠಾಣೆಗೆ ಅವರ ಮಾತೇ ವೇದ.

ಸೋರಿಸಿದವನು ಒಂದು ಎಡವಟ್ಟು ಮಾಡಿದ್ದ. ಅಕ್ಷರ ಮಸುಕಾಗಬಾರದೆಂದು ಫೋಟೋವನ್ನು ಡಾಕ್ಯುಮೆಂಟಾಗಿ ಕಳಿಸಿದ್ದರಿಂದ ಕ್ಯಾಮೆರಾ ಬರೆದಿಟ್ಟ ವಿವರ ಅಳಿಯದೆ ಉಳಿದಿತ್ತು: ಆರುನೂರು ಮಿಲಿಮೀಟರಿನ ಲೆನ್ಸು. ಮೊದಲು ಯಾರು ಕಳಿಸಿದರೆಂದು ಸೈಬರ್ ವಿಭಾಗ ಹೇಳಲು ಮೂರು ವಾರ ಬೇಕಿತ್ತು. ಹಾಗಾಗಿ ಮೇಡಂ ಫೋಟೋ ಮಾವನನ್ನೇ ಕೇಳಿದರು.

"ಈ ಲೆನ್ಸಲ್ಲಿ ಹಾಳೆ ಇಷ್ಟು ದೊಡ್ಡದಾಗಿ ಕಾಣಬೇಕಾದ್ರೆ ಎಷ್ಟು ದೂರ ನಿಂತಿರಬೇಕು?"

ಮಾವ ಕಾಗದದ ಮೇಲೆ ಲೆಕ್ಕ ಹಾಕಿದರು. "ಮೂವತ್ತು ಮೀಟರು. ಅಲ್ಲಿ ಏನಿದೆ ನೋಡಿ ಮೇಡಂ. ಹಳಿ ಮೇಲಿನ ಗಾಳಿ. ಗಾಳಿಲಿ ನಿಂತು ಫೋಟೋ ತೆಗೆಯೋಕೆ ಅವನೇನು ಹದ್ದಾ? ವಿವರ ನಕಲಿ. ಒಳಗೇ ಮೊಬೈಲಲ್ಲಿ ತೆಗೆದು, ಆಮೇಲೆ ಬರೆದು ಸೇರಿಸಿದ್ದು."

ಒಳಗಿದ್ದವರು ಒಬ್ಬರೇ. ಪ್ರೂಫಮ್ಮನ ಕೊರಳಿಗೆ ಹಗ್ಗ ಇನ್ನೊಂದು ಸುತ್ತು ಬಿತ್ತು.

ಟೇಪಣ್ಣ ಆ ರಾತ್ರಿ ಊಟದ ತಟ್ಟೆಯ ಪಕ್ಕದಲ್ಲೇ ಫೋಟೋ ಇಟ್ಟುಕೊಂಡ. ಹಾಳೆಯ ಹಿಂದೆ ಫಲಕದ ಒಂದು ಮೂಲೆ ಕಾಣುತ್ತಿತ್ತು. ಅದರ ಮೇಲೆ ಮಸುಕಾಗಿ, ಬಗ್ಗಿದ ಬೆರಳಿನಂಥ ಕಪ್ಪು ನೆರಳು. ಆ ಬೆರಳನ್ನು ಅವನು ಅಂದು ಬೆಳಿಗ್ಗೆಯೇ ಅಳೆದಿದ್ದ. ಕಿಟಕಿಯ ಕೊಕ್ಕೆ ಅದು.

ಗುರುವಾರ ಎಂಟೂವರೆಗೆ ಅವನು ಮೇಡಂ ಜೊತೆ ಪ್ರೂಫಮ್ಮನ ಮನೆಯಲ್ಲಿದ್ದ. ಮಾತು ಬೆಳೆಸದೆ ಕೇಳಿದ್ದು ಒಂದೇ.

"ಅಮ್ಮಾ, ಆವತ್ತು ಕಿಟಕಿ ತೆಗೆದಿದ್ರಾ?"

"ಇಲ್ಲ."

"ಅಮ್ಮಾ. ತೆಗೆದಿದ್ರೆ ಹೋಗೋದು ಕೆಲಸ. ತೆಗೆದಿಲ್ಲ ಅಂದ್ರೆ ಹೋಗೋದು ನೀವು."

ಪ್ರೂಫಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆ ದಿನ ಎಸಿ ಕೆಟ್ಟಿತ್ತಂತೆ. ಬೆವರು ಹಾಳೆಯ ಮೇಲೆ ತೊಟ್ಟಿಕ್ಕಿ ಅಕ್ಷರ ಕೆಡುತ್ತದೆಂದು ಮುಕ್ಕಾಲು ಗಂಟೆ ಒಂದು ರೆಕ್ಕೆ ತೆರೆದರಂತೆ. ಇಪ್ಪತ್ತಾರು ವರ್ಷದಲ್ಲಿ ಮುರಿದ ಒಂದೇ ನಿಯಮ. "ನನ್ನ ಬಾಯಿಂದ ಅದು ಬರ್ಲಿಲ್ಲಪ್ಪ," ಎಂದರು.

ಹತ್ತು ಗಂಟೆಗೆ ಮತ್ತೆ ಆ ಕೋಣೆ. ಟೇಪಣ್ಣ ಫಲಕದ ಮೂಲೆಗೆ ದಾರದ ತುದಿ ಅಂಟಿಸಿ, ಇನ್ನೊಂದು ತುದಿಯನ್ನು ಕಿಟಕಿಯ ಕೊಕ್ಕೆಗೆ ಬಿಗಿದ. ಒಂಬತ್ತಡಿ. ಫೋಟೋದಲ್ಲಿ ಕೊಕ್ಕೆ ಫಲಕದ ಮೂಲೆಯ ಮೇಲೆ ಕೂತಿದೆ ಎಂದರೆ ಕ್ಯಾಮೆರಾ ಈ ದಾರದ ನೇರದಲ್ಲೇ ಇದ್ದಿರಬೇಕು. ಗೋಡೆಗೆ ಕೆನ್ನೆ ಆನಿಸಿ, ಒಂದು ಕಣ್ಣು ಮುಚ್ಚಿ ದಾರದ ಗುಂಟ ನೋಡಿದ. ದಾರದ ನೇರ ಹಳಿಗಳನ್ನು ದಾಟಿ, ಆಚೆ ಬದಿಯ ನಾಲ್ಕಂತಸ್ತಿನ ಕಟ್ಟಡದ ತಾರಸಿಯ ಗೋಡೆಗೆ ಹೋಗಿ ಮುಟ್ಟಿತು.

ಅವನು ಪಕ್ಕಕ್ಕೆ ಸರಿದ. ಮೇಡಂ ನೋಡಿದರು. ಬಹಳ ಹೊತ್ತು ನೋಡಿದರು. ಪಂಚನಾಮೆಯ ಪ್ರಿಂಟುಗಳನ್ನು ತರಲು ಠಾಣೆಯವರೆಲ್ಲ ಹತ್ತಿದ್ದ ಮೆಟ್ಟಿಲು ಆ ಕಟ್ಟಡದ್ದು. ತಾರಸಿಯ ಕೆಳಗಿನ ಅಂತಸ್ತು ಫೋಟೋ ಮಾವನ ಸ್ಟುಡಿಯೋ.

ಮೇಡಂ ಫೈಲು ತೆರೆದು ಬುಧವಾರದ ಇಪ್ಪತ್ತೆರಡು ಫೋಟೋ ಹರಡಿದರು. ಬಾಗಿಲು, ಮೇಜು, ಹಲಗೆ, ಕುರ್ಚಿ. ಕಿಟಕಿ ಒಂದರಲ್ಲೂ ಇರಲಿಲ್ಲ.

ರೈಲ್ವೆಯವರ ಅನುಮತಿ ಪಡೆದು, ಮೂವತ್ತು ಮೀಟರಿನ ಟೇಪನ್ನು ಹಳಿಗಳ ಮೇಲೆ ಅಡ್ಡಲಾಗಿ ಎರಡು ಸಲ ಹಾಸಿದ್ದಾಯಿತು. ಹಲಗೆಯಿಂದ ತಾರಸಿಗೆ ಅರವತ್ತು ಮೀಟರು, ಮೇಲೆ ಒಂದು ಗೇಣು. ಲೆಕ್ಕ ಹೇಳಿದ್ದಕ್ಕೆ ಸರಿಯಾಗಿ ಎರಡು ಪಟ್ಟು. "ಇದನ್ನ ಬಿಡಿಸದೆ ಕೋರ್ಟಿಗೆ ಹೋದ್ರೆ ನಗ್ತಾರೆ," ಎಂದರು ಮೇಡಂ.

ಬಿಡಿಸಿದವನು ಕ್ಯಾಮೆರಾ ರಿಪೇರಿಯವನು. ಮಧ್ಯಾಹ್ನ ಮೂರಕ್ಕೆ ಅವನ ಅಂಗಡಿಯಲ್ಲಿ, ಸ್ಕ್ರೂಗಳ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಟೇಪಣ್ಣ ಕೇಳಿದ: "ದೂರವನ್ನ ಸರಿಯಾಗಿ ಅರ್ಧ ತೋರಿಸೋ ಸಾಮಾನು ಏನಾದ್ರೂ ಇದೆಯಾ?"

ರಿಪೇರಿಯವನು ಡ್ರಾಯರಿನಿಂದ ಅಂಗೈಯಗಲದ ಕಪ್ಪು ಉಂಗುರ ತೆಗೆದಿಟ್ಟ. ಒಳಗೆ ದಪ್ಪ ಗಾಜು. "ಟೆಲಿಕನ್ವರ್ಟರ್. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಸೋದು. ಆರುನೂರು ಇದ್ದದ್ದು ಸಾವಿರದಿನ್ನೂರು ಆಗುತ್ತೆ. ಪುಕ್ಕಟೆ ಅಲ್ಲ ಮತ್ತೆ. ಬೆಳಕಿನಲ್ಲಿ ಮುಕ್ಕಾಲು ಪಾಲು ಇದೇ ನುಂಗುತ್ತೆ, ಚಿತ್ರದ ಹರಿತ ಸ್ವಲ್ಪ ಹೋಗುತ್ತೆ, ಫೋಕಸ್ಸು ಕೈಯಲ್ಲೇ ತಿರುಗಿಸಬೇಕು. ಪಳಗಿದ ಕೈಗೇ ಆಗೋದು."

"ಕ್ಯಾಮೆರಾ ಎಷ್ಟು ಅಂತ ಬರ್ಕೊಳ್ಳುತ್ತೆ?"

"ಉಂಗುರ ಹೊಸದಾದ್ರೆ ನಿಜ ಬರ್ಕೊಳ್ಳುತ್ತೆ. ಇಂಥ ಹಳೇವು ಇವೆಯಲ್ಲ, ಲೆನ್ಸು ಹೇಳಿದ್ದನ್ನ ಹಾಗೇ ದಾಟಿಸಿಬಿಡ್ತವೆ. ತಾನು ನಡುವೆ ಇದೀನಿ ಅಂತ ಬಾಯೇ ಬಿಡಲ್ಲ. ಕ್ಯಾಮೆರಾ ಆರುನೂರು ಅಂತಲೇ ಬರ್ಕೊಳ್ಳುತ್ತೆ."

"ಇದು ಫೋಟೋ ಮಾವನಿಗೆ ಗೊತ್ತಿರುತ್ತಾ?"

ರಿಪೇರಿಯವನು ನಕ್ಕ. "ಮೀನಿಗೆ ಈಜು ಗೊತ್ತಾ ಅಂದ ಹಾಗಾಯ್ತು. ಇಂಥದ್ದೇ ಅವರ ಹತ್ರ ಇದೆ. ಬೂಸು ಹಿಡಿದಿತ್ತು, ಹೋದ ತಿಂಗಳು ನಾನೇ ಒರೆಸಿಕೊಟ್ಟೆ." ರಶೀದಿ ಪುಸ್ತಕದಲ್ಲಿ ತಾರೀಖು, ಸಹಿ ಎರಡೂ ಇದ್ದವು.

ಶುಕ್ರವಾರ, ಇಪ್ಪತ್ತೆರಡನೇ ತಾರೀಖು, ಬೆಳಿಗ್ಗೆ ಹನ್ನೊಂದು ಹತ್ತು. ಫೋಟೋ ಮಾವ ಎಂದಿನಂತೆ ಎರಡು ಕುರ್ಚಿ ಎಳೆದರು. ಮೇಡಂ ಕೂರಲಿಲ್ಲ. ಟೇಪಣ್ಣ ದಾರದ ಉಂಡೆಯನ್ನು ಗಾಜಿನ ಮೇಜಿನ ಮೇಲಿಟ್ಟ.

"ಮೂವತ್ತು ಮೀಟರ್ ಅಂದ್ರಿ," ಎಂದರು ಮೇಡಂ. "ಕನ್ವರ್ಟರ್ ಹಾಕಿದ್ರೆ ಎಷ್ಟು?"

ಮಾವ ತಾವೇ ಎದ್ದು ಕಪಾಟಿನಿಂದ ಹಳೆಯ ರೀಲಿನ ಡಬ್ಬಿ ತಂದರು. ಒಳಗೆ ಹಳದಿ ಬಟ್ಟೆಯಲ್ಲಿ ಸುತ್ತಿದ ಕಪ್ಪು ಉಂಗುರ. ಹನ್ನೊಂದು ನಲವತ್ತಕ್ಕೆ ಬಂಧನ. ಜಪ್ತಿಯ ಪಂಚನಾಮೆಗೆ ಫೋಟೋ ಬೇಕಿತ್ತು. ತೆಗೆಯುವವರು ಬೇರೆ ಯಾರೂ ಇರಲಿಲ್ಲ. ಟೇಪಣ್ಣನೇ ಮೊಬೈಲು ಹಿಡಿದ. "ಬೆಳಕಿಗೆ ಬೆನ್ನು ಕೊಡೋ," ಎಂದರು ಮಾವ, ಅಭ್ಯಾಸಬಲದಿಂದ. ಅವನು ಹಾಗೇ ಮಾಡಿದ. ಫೋಟೋ ಚೆನ್ನಾಗಿ ಬಂತು.

ಮೇಲಧಿಕಾರಿಗೆ ಫೋನು ಹೋದದ್ದು ಗಡುವಿಗೆ ಐದು ಗಂಟೆ ಮೊದಲು. ಸಂಜೆ ಪ್ರೂಫಮ್ಮ ಮ್ಯಾನೇಜರ ಕಾರಿನಲ್ಲಿ ಠಾಣೆಗೆ ಬಂದರು. ಮೂರು ದಿನ ಅವರ ಹೆಸರೆತ್ತಲು ಹೆದರಿದ್ದ ಮ್ಯಾನೇಜರು ಈಗ ಅವರ ಚೀಲ ಹಿಡಿದಿದ್ದರು. ಕಿಟಕಿಯ ವಿಷಯಕ್ಕೆ ಮುದ್ರಣಾಲಯದ ಮಾಲೀಕರಿಂದ ಅವರಿಗೆ ಒಂದು ಎಚ್ಚರಿಕೆ ಪತ್ರ. ಎಸಿ ರಿಪೇರಿ ಮಾಡಿಸದ ಮ್ಯಾನೇಜರಿಗೆ ಎರಡು. ಸೋಮವಾರದಿಂದ ಕೆಲಸ. ಪ್ರೂಫಮ್ಮ ತಮ್ಮ ಹೇಳಿಕೆಯನ್ನು ಓದಿ, ಸಹಿ ಮಾಡುವ ಮುನ್ನ ಕೆಂಪು ಪೆನ್ನು ತೆಗೆದು ಹದಿನಾಲ್ಕು ತಪ್ಪು ತಿದ್ದಿದರು. "ಇಷ್ಟು ಅಳೀತೀಯಪ್ಪ, ಒತ್ತಕ್ಷರಕ್ಕೆ ಮಾತ್ರ ಟೇಪು ಸಾಲ್ದಾ?" ಎಂದಾಗ ಇಡೀ ಠಾಣೆ ನಕ್ಕಿತು. ಬರೆದವನೂ ನಕ್ಕ.

ಫೋಟೋ ಮಾವನ ಹೇಳಿಕೆ ಒಂದೂವರೆ ಪುಟ. ಮಗಳು ಮೂರು ಸಲ ಪರೀಕ್ಷೆ ಬರೆದು ಮೂರು ಸಲವೂ ಅಂಚಿನಲ್ಲಿ ಜಾರಿದ್ದಳು. ಆ ಮಧ್ಯಾಹ್ನ ಅವರು ತಾರಸಿಯಲ್ಲಿ ತಂತಿಯ ಮೇಲಿನ ಹಕ್ಕಿಗೆ ಲೆನ್ಸು ಹಿಡಿದಿದ್ದರು. ಎದುರಿನ ಕಿಟಕಿ ತೆರೆಯಿತು. ಹಾಳೆಯ ನೆತ್ತಿಯ ಮೇಲೆ ಮಗಳು ಬರೆಯಬೇಕಿದ್ದ ಪರೀಕ್ಷೆಯ ಹೆಸರಿತ್ತು. ಹಲಗೆಯ ಮೇಲೆ ಹಾಳೆ ಬದಲಾದ ಹಾಗೆ ನಾಲ್ಕು ಸಲ ಗುಂಡಿ ಒತ್ತಿದರು. ಒಬ್ಬಳೇ ಪಾಸಾಗುವುದು ಸರಿಯಲ್ಲವೆಂದು ಮಗಳು ಇಬ್ಬರು ಗೆಳತಿಯರಿಗೆ ಕಳಿಸಿದಳು. ಅಲ್ಲಿಂದ ಅದು ಊರೆಲ್ಲ ಆಯಿತು.

ಸಹಿ ಹಾಕಿ ಪೆನ್ನು ಮರಳಿಸುವಾಗ ಮಾವ ಕೇಳಿದರು: "ದಾರ ಎಷ್ಟುದ್ದ ಇತ್ತೋ?"

"ಒಂಬತ್ತಡಿ, ಮಾವ."

"ನಾಲ್ಕು ಕೇಜಿ ಲೆನ್ಸು, ಅದರ ಮೇಲೊಂದು ಉಂಗುರ ಹೊತ್ಕೊಂಡು ನಾನು ಅಷ್ಟು ದೂರ ಹೋದೆ," ಎಂದರು ಅವರು. "ನೀನು ಒಂಬತ್ತಡಿ ದಾರದಲ್ಲಿ ಬಂದ್ಬಿಟ್ಟೆ."

ಟೇಪಣ್ಣ ಅದನ್ನೂ ಬರೆದುಕೊಂಡ. ಈ ಸಲ ಒತ್ತಕ್ಷರ ತಪ್ಪಲಿಲ್ಲ.