ಒಂದು ಪುಟ, ಎರಡು ಪರದೆ

"ಈ ಅಕ್ಷರದ ಕೆಳಗಿರೋದು ತ ಒತ್ತೋ, ನ ಒತ್ತೋ? ಹೇಳಿ ನೋಡೋಣ" ಎಂದಳು ಪುಟಮ್ಮ.

"ನ ಒತ್ತು. ಪ್ರಯತ್ನ" ಎಂದ ಕರಡಿ, ತಲೆ ಎತ್ತದೆ. "ನೀರಿನ ಹಾಗೆ ಸ್ಪಷ್ಟವಾಗಿದೆಯಲ್ಲ."

"ನಿಮಗೆ ಸ್ಪಷ್ಟವಾಗಿರುತ್ತೆ. ನನಗೆ ಇಲ್ಲಿ ಇರುವೆ ಸತ್ತು ಬಿದ್ದ ಹಾಗೆ ಕಾಣ್ತಿದೆ."

ಅವನು ತುಟಿಯ ಕೊನೆಯಲ್ಲಿ ನಕ್ಕ. ಆ ನಗು ಅವಳಿಗೆ ಹಿಂದೊಮ್ಮೆ ಸಕ್ಕರೆಯಾಗಿತ್ತು. ಈಗ ಕಣ್ಣಿಗೆ ಬಿದ್ದ ಖಾರದ ಪುಡಿ.

ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಮೇಜು ಒಂದು, ಕುಳಿತವರು ಇಬ್ಬರು. ಶಾಲೆಯ ಗಣಿತ ಪುಸ್ತಕಗಳಿಗೆ ಅಕ್ಷರ, ಚಿತ್ರ ಹೊಂದಿಸಿ ಪುಟ ಕಟ್ಟುವುದು ಅವಳ ಕೆಲಸವಾದ್ದರಿಂದ ಯಜಮಾನರ ಬಾಯಲ್ಲಿ ಅವಳು ಪುಟಮ್ಮನಾದಳು. ಕರಡು ತಿದ್ದುವುದು ಅವನ ಕೆಲಸ. 'ಕರಡಿನವನು' ಎಂಬುದು ನಾಲಗೆಯಲ್ಲಿ ಸವೆದು 'ಕರಡಿ' ಆಯಿತು. ಮೈಮೇಲೆ ಹಿಡಿ ಮಾಂಸವಿಲ್ಲದ, ಜೋರಾಗಿ ಕೆಮ್ಮುವುದಕ್ಕೂ ನಾಚುವ ಮನುಷ್ಯನಿಗೆ ಆ ಹೆಸರು ಅಂಟಿದ್ದು ಮುದ್ರಣಾಲಯದವರ ಹಳೆಯ ತಮಾಷೆ.

ಯಜಮಾನರು ಎರಡು ಯಂತ್ರ ಕೊಳ್ಳುವ ಜಾಯಮಾನದವರಲ್ಲ. ಇದ್ದದ್ದು ಒಂದು ಹಳೆಯ ಲ್ಯಾಪ್‌ಟಾಪ್; ಅದಕ್ಕೆ ಕೇಬಲ್ಲಿನಿಂದ ಜೋಡಿಸಿದ ಒಂದು ದೊಡ್ಡ ಮಾನಿಟರ್. ಲ್ಯಾಪ್‌ಟಾಪಿನ ಮುಖ ಅವನ ಕಡೆ, ಮಾನಿಟರಿನ ಮುಖ ಅವಳ ಕಡೆ. ಅವಳು ತನ್ನ ಕೀಬೋರ್ಡಿನಲ್ಲಿ ಪುಟ ಕಟ್ಟಿದಂತೆಲ್ಲ ಅದೇ ಪುಟ ಅವನ ಮುಂದೆಯೂ ಮೂಡುತ್ತಿತ್ತು. ಇಬ್ಬರ ನಡುವೆ ಎರಡು ಪರದೆಗಳ ಬೆನ್ನು, ಅದರ ಮೇಲಿಂದ ಆಗಾಗ ಎದ್ದು ಮುಳುಗುವ ಎರಡು ಜೊತೆ ಕಣ್ಣು.

ಗಾಜಿನ ಗೋಡೆಯಾಚೆ ಯಜಮಾನರ ಕುರ್ಚಿ. ಅವರು ಅಲ್ಲಿದ್ದಷ್ಟು ಹೊತ್ತು, ಕರಡು ಓದುವಾಗ ಮಾತು ಕೂಡದು ಎಂಬುದು ಅವರ ಕಟ್ಟಪ್ಪಣೆ. ಆದ್ದರಿಂದ ಕೇಳಬೇಕಾದದ್ದನ್ನು ಅವಳು ಪುಟದ ಅಂಚಿನಲ್ಲಿ ಸಣ್ಣದೊಂದು ಹಳದಿ ಚೌಕ ತೆರೆದು ಬರೆಯುವಳು; ಅವನು ಅಲ್ಲಿಯೇ ಉತ್ತರಿಸುವನು. ಉತ್ತರದಲ್ಲಿ ಅವನು ಬಲು ಜಿಪುಣ. ಗೊತ್ತಿದ್ದೇ ಬಿಟ್ಟದ್ದಾದರೆ 'ಬಲ್ಲೆ'. ಅವಳ ಸಲಹೆ ಹಿಡಿಸದಿದ್ದರೆ 'ಒಲ್ಲೆ'. ಊರಲ್ಲಿ ಈಗ ಯಾರೂ ಆಡದ ಆ ಎರಡು ಮಾತುಗಳು ಮೊದಲು ಅವಳಿಗೆ ನಗು ತರಿಸಿದವು, ಆಮೇಲೆ ಇಷ್ಟವಾದವು, ಕೊನೆಗೆ, ಬರೆಯುವವನೇ ಇಷ್ಟವಾದ.

ಹೀಗಿರಲು ಕಳೆದ ತಿಂಗಳು ಒಂದು ಮಧ್ಯಾಹ್ನ, ಭಾಗಾಕಾರದ ಪಾಠದ ಪುಟದಲ್ಲಿ, ಅವಳು ಎದೆ ಗಟ್ಟಿ ಮಾಡಿಕೊಂಡು ಹಳದಿ ಚೌಕ ತೆರೆದು ಬರೆದಳು: 'ಎದುರು ಕುಳಿತವಳ ಮನಸ್ಸು ನಿಮ್ಮ ಕಡೆಗಿದೆ. ಪರಿಶೀಲಿಸಿ.'

ಪರದೆಗಳ ಮೇಲಿಂದ ಕಣ್ಣು ಏಳಲಿಲ್ಲ. ಕೊನೆಗೆ ಚೌಕದಲ್ಲಿ ಒಂದೇ ಒಂದು ಪದ ಮೂಡಿತು.

'ಒಲ್ಲೆ.'

ಅವಳು ಪುಟವನ್ನು ಮುಚ್ಚಿದಳು. ಮತ್ತೆ ತೆರೆಯಲಿಲ್ಲ. ಮುಚ್ಚಿದ ಮೇಲೆ ಅಳು ಬರಲಿಲ್ಲ, ಸಿಟ್ಟು ಬಂತು, ಹೋಗದೆ ಉಳಿಯಿತು. ಸಿಟ್ಟಿಗೆ ತುಪ್ಪ ಸುರಿದದ್ದು ಮರುದಿನದ ಅವನ ನಡತೆ. ಬೇಡವೆಂದವನು ತೆಪ್ಪಗಿರಬೇಕು ತಾನೆ? ಇವನೋ ಅವಳ ಮೇಜಿನ ಮೇಲೆ ಚಹಾದ ಲೋಟ ಇಟ್ಟು, ಕಿವಿಯವರೆಗೆ ಕೆಂಪಾಗಿ, ಏನನ್ನೋ ಕಾಯುವವನಂತೆ ನಿಂತ. ಅವಳು ಲೋಟವನ್ನು ಕೈಯಿಂದಲೂ ಮುಟ್ಟದೆ ಆರಲು ಬಿಟ್ಟಳು. ಅಂದಿನಿಂದ ಅವಳು ಮಾತಿಗೊಂದು ಮುಳ್ಳು ಸಿಕ್ಕಿಸುವಳು. ಅವನು ಪೆಚ್ಚಾಗಿ ಲ್ಯಾಪ್‌ಟಾಪಿನ ಹಿಂದೆ ಮುಳುಗುವನು.

ಮಾನಿಟರಿನ ಮೇಲಿನ ದೂರು ಬೇರೆ. ಅದು ಬಂದ ದಿನದಿಂದಲೂ ಅಕ್ಷರಗಳು ಅವಳಿಗೆ ಮಂಜಿನೊಳಗಿಂದ ಕಂಡಂತೆ. ಕಣ್ಣೇ ಕೆಟ್ಟಿದೆಯೆಂದು ಅಕ್ಕ ಅವಳನ್ನು ಕೈಹಿಡಿದು ಕಣ್ಣಿನ ಡಾಕ್ಟರಲ್ಲಿಗೆ ಎಳೆದೊಯ್ದಳು. ಗೋಡೆಯ ಅಕ್ಷರಪಟ್ಟಿಯ ಕೊನೆಯ ಸಾಲನ್ನೂ ಅವಳು ಗಿಳಿಯ ಹಾಗೆ ಒದರಿದಳು.

"ಕಣ್ಣು ಚೆನ್ನಾಗಿದೆಯಂತಲ್ಲೇ. ಮತ್ತೆ ಮುಖ ಯಾಕೆ ಹೀಗೆ ಊದಿದೆ?" ಎಂದಳು ಅಕ್ಕ, ದಾರಿಯಲ್ಲಿ.

"ಮಾನಿಟರ್ ಕಣಕ್ಕ."

"ಮಾನಿಟರ್‌ಗೆ ಮೀಸೆ ಇದೆಯೇನೇ?"



ಈ ದಿನ ಬೆಳಗ್ಗೆ ಯಜಮಾನರು ಹೊರಗೆ ಹೊರಡುವಾಗ ಕೋಣೆಯ ಬಾಗಿಲಲ್ಲಿ ನಿಂತರು.

"ಪುಟಮ್ಮ, ಆ ಮಾನಿಟರ್ ಗೋಳು ಇವತ್ತಿಗೆ ಮುಗಿಸು. ಹೊಸದಂತೂ ನಾನು ತರಲ್ಲ. ಇನ್ನೊಂದು, ಊರಾಚೆ ನನ್ನ ತಂಗಿ ಪ್ರೆಸ್‌ಗೆ ಹೋಗ್ತೀನಿ ಅಂತ ಕೇಳಿದ್ದೆಯಲ್ಲ, ಅವಳು ಜಾಗ ಖಾಲಿ ಇಟ್ಕೊಂಡು ಕೂತಿದ್ದಾಳೆ. ನಾನು ವಾಪಸ್ ಬರೋದರೊಳಗೆ ಹೌದೋ ಅಲ್ಲವೋ ಯೋಚನೆ ಮಾಡಿರು."

ಅವರು ಹೋದರು. ಲ್ಯಾಪ್‌ಟಾಪಿನ ಹಿಂದಿನಿಂದ ಕರಡಿಯ ಕಣ್ಣು ನಿಧಾನವಾಗಿ ಮೇಲೆದ್ದವು.

"ನೀವು ಹೋಗ್ತಿದ್ದೀರಾ?"

"ಇನ್ನೇನು? ಈ ಮಸುಕಿನಲ್ಲಿ ಕೂತು ಕುರುಡಿ ಆಗಲಾ?"

"ಮಾನಿಟರ್‌ಗೋಸ್ಕರ ಯಾರಾದರೂ ಕೆಲಸ ಬಿಡ್ತಾರಾ?"

"ನಾನು ಬಿಡ್ತೀನಿ" ಎಂದಳು, ಮುಖ ತಿರುಗಿಸಿ.

ಅವನು ಎದ್ದ. ಅಂಗಿಯ ತೋಳು ಮಡಚಿದ. "ಹಾಗಾದರೆ ಮಾನಿಟರ್ ಸರಿ ಮಾಡೇ ಬಿಡೋಣ."

ಮಾಡಲು ಇಬ್ಬರಿಗೂ ಬಾರದು. ಅದೇ ದೊಡ್ಡ ಫಜೀತಿ. ಅವನು ಮೇಜಿನ ಕೆಳಗೆ ನುಸುಳಿ ಕೇಬಲ್ಲಿನ ತುದಿಯನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿದ. ಪರದೆ ಒಮ್ಮೆ ಕಪ್ಪಾಗಿ, ಒಮ್ಮೆ ನೀಲಿಯಾಗಿ, ಮೊದಲಿನಂತೆಯೇ ಮಸುಕಾಯಿತು. ಬೇರೆ ಕೇಬಲ್ ಹುಡುಕಿ ಹಾಕಿದರು. ಮಸುಕು ಕದಲಲಿಲ್ಲ. ಕೆಳಗಿನಿಂದ ಏಳುವಾಗ ಅವನ ತಲೆ ಮೇಜಿಗೆ ಬಡಿಯಿತು. ಅವಳ ಕೈ ತಾನಾಗಿ ಅತ್ತ ಚಾಚಿತು, ಅರ್ಧದಲ್ಲಿ ನೆನಪಾಗಿ ನಿಂತಿತು.

"ನೋವಾಯ್ತಾ?"

"ಇಲ್ಲ."

"ಆಗಬೇಕಿತ್ತು."

ಮಾನಿಟರಿನ ಅಂಚಿನ ಗುಂಡಿ ಒತ್ತಿ ಬ್ರೈಟ್‌ನೆಸ್ ಏರಿಸಿದರೆ ಅಕ್ಷರಗಳು ಬಿಳಿಚಿಕೊಂಡವು. ಶಾರ್ಪ್‌ನೆಸ್ ಏರಿಸಿದರೆ ಪ್ರತಿ ಅಕ್ಷರದ ಸುತ್ತ ಬೂದುಬಣ್ಣದ ನೆರಳು ಎದ್ದಿತು. ಇಬ್ಬರೂ ಒಮ್ಮೆಗೇ ಒಂದೇ ಗುಂಡಿಗೆ ಕೈ ಹಾಕಿದರು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಹಿಂತೆಗೆದರು. ಯಾರೂ ಗುಂಡಿ ಒತ್ತದ್ದರಿಂದ ಪರದೆಯ ಮೇಲಿನ ಆಯ್ಕೆಗಳ ಪಟ್ಟಿಯೇ ಮಾಯವಾಗಿ, ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಯಿತು.

"ಥೂ, ಇದರ ಮನೆ ಹಾಳಾಗ!" ಎಂದಳು ಅವಳು. ಇನ್ನು ಅಳುವೇ ಬಾಕಿ. ಅವನು ತನ್ನ ಜಾಗಕ್ಕೆ ಮರಳಿ ಲ್ಯಾಪ್‌ಟಾಪಿನಲ್ಲಿ ಕಣ್ಣು ನೆಟ್ಟು ಹೇಳಿದ:

"ಇಲ್ಲಿ ನೋಡಿದರೆ ಏನೂ ಆಗಿಲ್ಲವಲ್ಲ ಪುಟಮ್ಮ. ಚೆನ್ನಾಗಿಯೇ ಇದೆ."

ಆ ಮಾತಿನಿಂದ ಅವಳ ತಾಳ್ಮೆಯ ಕಟ್ಟೆ ಒಡೆಯಿತು.

"ನಿಮ್ಮ ಕಡೆಯಿಂದ ಎಲ್ಲಾ ಚೆನ್ನಾಗಿಯೇ ಇರುತ್ತೆ! ನಾನು ಹೇಳೋದು ಮಾತ್ರ ಸುಳ್ಳು, ಅಲ್ವಾ? ಒಂದೇ ಒಂದು ಸಲ ಈ ಕಡೆ ಬಂದು ನೋಡಿದ್ದೀರಾ? ಬನ್ನಿ. ನನ್ನ ಕುರ್ಚಿಯಲ್ಲಿ ಕೂತು ನೋಡಿ, ಆಮೇಲೆ ಮಾತಾಡಿ."

ಅವನು ಬಂದ. ಕಾಗದದ ಕಟ್ಟುಗಳನ್ನು ದಾಟಿ, ಮೇಜನ್ನು ಬಳಸಿ, ಮೊದಲ ಬಾರಿಗೆ ಅವಳ ಕಡೆಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತ. ಪರದೆಯನ್ನು ನೋಡಿದ. ಹತ್ತಿರ ಬಾಗಿದ. ಕಣ್ಣುಜ್ಜಿಕೊಂಡ.

"ಅಯ್ಯೋ" ಎಂದ, ತೀರ ಮೆಲ್ಲಗೆ. "ನಿಮಗೆ ಇದು ಹೀಗಾ ಕಾಣೋದು?"

"ಹೀಗೇ."

"ಯಾವಾಗಿನಿಂದ?"

"ಬಂದ ದಿನದಿಂದ. ಬಾಯಿ ಬಡ್ಕೊಂಡೆನಲ್ಲ."

"ನಾನು ಬರೆದದ್ದನ್ನೆಲ್ಲ ನೀವು ಹೀಗೇ ಓದಿದ್ದು?"

"ಅಂದಾಜಿನ ಮೇಲೆ ಓದ್ತಿದ್ದೆ."

ಅವನ ಮುಖದ ಬಣ್ಣ ಇಳಿಯಿತು. ಏಕೆಂದು ಅವಳಿಗೆ ತಿಳಿಯಲಿಲ್ಲ. ಮೊದಲು ಈ ಪೀಡೆ ತೊಲಗಲಿ ಎಂದು, ನಿಂತಲ್ಲಿಂದಲೇ ಮೌಸ್ ಹಿಡಿದು ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದಳು. ಅಲ್ಲಿ ರೆಸಲ್ಯೂಷನ್ ಎಂಬಲ್ಲಿ 1366 ಎಂದಿತ್ತು. ಮಾನಿಟರಿನ ಮೂಲೆಯ ಹಳೆಯ ಚೀಟಿಯ ಮೇಲೆ 1920.

ಅವಳು ಭಾಗಾಕಾರದ ಪಾಠಕ್ಕೆ ಪುಟ ಕಟ್ಟಿದವಳು. ಅಡ್ಡಸಾಲಿನಲ್ಲಿ ಇಷ್ಟು ಚುಕ್ಕೆ ಇರುವ ಚಿತ್ರವನ್ನು ಅಷ್ಟು ಚುಕ್ಕೆ ಇರುವ ಪರದೆಯ ಮೇಲೆ ಹರಡಬೇಕು. ಒಂದಕ್ಕೆ ಎರಡು ಬಂದರೆ ಸರಿಹೋದೀತು. ಒಂದಕ್ಕೆ ಒಂದೂವರೆಗೂ ತುಸು ಕಮ್ಮಿ ಬಂದರೆ? ಉಳಿದ ಶೇಷವನ್ನು ಯಾವ ಚುಕ್ಕೆಯೂ ಪೂರ್ತಿ ಹೊರದು; ಅಕ್ಕಪಕ್ಕದವು ಹಂಚಿಕೊಳ್ಳುತ್ತವೆ, ಅಂಚು ಕಲಸಿಹೋಗುತ್ತದೆ. ಲ್ಯಾಪ್‌ಟಾಪಿಗೆ ಅದರದೇ ಅಳತೆ. ಅಲ್ಲಿ ಶೇಷವಿಲ್ಲ, ಮಸುಕೂ ಇಲ್ಲ.

"ದೊಡ್ಡ ಪರದೆಗೆ ಸಣ್ಣದರ ಅಳತೆ ಯಾಕೆ ಕೂತಿದೆ?" ಎಂದ ಅವನು.

ಕೆಳಗಿನ ಸಾಲನ್ನು ಅವಳು ಓದಿದಳು: ಡ್ಯೂಪ್ಲಿಕೇಟ್. ಎರಡೂ ಪರದೆಯ ಮೇಲೆ ಒಂದೇ ಚಿತ್ರ. ಅದನ್ನು ಆರಿಸಿದ್ದು ಅವಳೇ. ಮಾನಿಟರ್ ಬಂದ ದಿನ, ತಾನು ಕಟ್ಟುವ ಪುಟ ಕಟ್ಟುತ್ತಿದ್ದಂತೆಯೇ ಅವನಿಗೂ ಕಾಣಲಿ ಎಂದು, ಬೇಕೆಂದೇ ಒತ್ತಿದ್ದಳು. ಇಬ್ಬರೂ ಒಂದನ್ನೇ ನೋಡಲೆಂದು ಮಾಡಿದ್ದೇ ಅವಳ ಕಣ್ಣಿಗೆ ಮಂಜು ಕವಿಸಿತ್ತು.

"ಯಾಕೋ ಹಾಗೆ ಕೂತಿದೆ" ಎಂದಷ್ಟೇ ಹೇಳಿ, ಕೆನ್ನೆ ಬಿಸಿಯಾದದ್ದು ಅವನಿಗೆ ಕಾಣದಿರಲೆಂದು ಬಾಗಿ, 'ಎಕ್ಸ್‌ಟೆಂಡ್' ಒತ್ತಿದಳು. ಮಾನಿಟರಿಗೆ ಅದರ ಅಳತೆಯನ್ನು ಕೊಟ್ಟಳು.

ಪರದೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು.

ಅಕ್ಷರಗಳು ತೊಳೆದಿಟ್ಟಂತೆ ನಿಂತಿದ್ದವು. ಒತ್ತು, ದೀರ್ಘ, ಸೊನ್ನೆ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ.

ಅವನು ಎದ್ದು ಎದುರು ಕಡೆ ಇಣುಕಿ ಬಂದು ಹೇಳಿದ, "ನನ್ನ ಕಡೆ ಪುಟವೇ ಇಲ್ಲ. ಬರೀ ನೀಲಿ."

"ಈಗ ಎರಡೂ ಬೇರೆ ಬೇರೆ. ಪುಟ ನೋಡಬೇಕಾದರೆ ನೀವು ಈ ಕಡೆಗೇ ಬರಬೇಕು."

"ಬಂದೇ ಇದ್ದೀನಲ್ಲ." ಅವನು ತನ್ನ ಕುರ್ಚಿಯನ್ನು ಎಳೆದು ತಂದು ಅವಳ ಕುರ್ಚಿಯ ಪಕ್ಕಕ್ಕೆ ಹಾಕಿದ. ಅವಳು ಕುಳಿತಳು. ಅವನು ಒಂದು ಕ್ಷಣ ಉಗುರು ನೋಡಿಕೊಂಡ. "ಆ ಪುಟ ತೆಗೀರಿ."

"ಯಾವ ಪುಟ?"

"ಗೊತ್ತಿದ್ದೂ ಕೇಳ್ತೀರಲ್ಲ."

"ನಾನು ತೆಗೆಯಲ್ಲ. ಒಂದು ಸಲ ಓದಿದ್ದು ಸಾಲದಾ?"

"ನೀವು ಓದಿಯೇ ಇಲ್ಲ" ಎಂದ ಅವನು. ಜೋರಾಗಿ ಕೆಮ್ಮದವನು ಜೋರಾಗಿಯೇ ಹೇಳಿದ.

ಅವಳು ತೆಗೆದಳು. ಭಾಗಾಕಾರದ ಪಾಠ, ಅಂಚಿನಲ್ಲಿ ಹಳದಿ ಚೌಕ. ಅವಳ ಸಾಲು ಅವಳದೇ ನಾಚಿಕೆಯಂತೆ ಹಾಗೆಯೇ ಇತ್ತು. ಅದರ ಕೆಳಗೆ, ದುಂಡಗೆ, ನಿಚ್ಚಳವಾಗಿ:

'ಬಲ್ಲೆ.'

ಎಡಗಡೆಯ ತುದಿ ಒಳಕ್ಕೆ ಸುರುಳಿ ಸುತ್ತಿದರೆ ಒ, ಸುತ್ತದಿದ್ದರೆ ಬ. ಅಷ್ಟೇ ವ್ಯತ್ಯಾಸ. ಬೇರೆ ಪುಟಗಳಲ್ಲಿ ಸಂದರ್ಭ ಅವಳ ಕೈಹಿಡಿದು ನಡೆಸಿತ್ತು. ಇಲ್ಲಿ ಎರಡು ಪದವೂ ಸಲ್ಲುತ್ತಿದ್ದವು, ಭಯ ತನಗೆ ಬೇಕಾದ್ದನ್ನು ಓದಿಕೊಂಡಿತ್ತು.

"ನಾನು ಒಲ್ಲೆ ಅಂತ ಓದಿದೆ" ಎಂದಳು.

"ಅದಕ್ಕೇನಾ ಚಹಾ ಆರಿಹೋದದ್ದು?"

"ಮತ್ತೆ ನೀವ್ಯಾಕೆ ಬಾಯಿ ಬಿಟ್ಟು ಕೇಳಲಿಲ್ಲ?"

"ನನ್ನ ಉತ್ತರ ನೋಡಿ ನಿಮಗೆ ಬೇಜಾರಾಯ್ತು, ಮನಸ್ಸು ಬದಲಾಯಿಸಿಕೊಂಡಿರಿ ಅಂದುಕೊಂಡೆ."

ಸಂತೋಷ ಬರುವ ಮೊದಲೇ ಅವಳಿಗೆ ಮತ್ತೊಮ್ಮೆ ಸಿಟ್ಟು ಬಂತು.

"ಬೇಜಾರಾಗದೆ ಏನು? ಸರಿಯಾಗಿ ಓದಿದ್ದರೂ ಅಷ್ಟೇ! ಬಲ್ಲೆ ಅಂದರೆ ಏನ್ರೀ? ಗೊತ್ತು, ಅಷ್ಟೇನಾ? ಒಂದು ಹೆಣ್ಣು ಮನಸ್ಸು ಬಿಚ್ಚಿ ಬರೆದರೆ 'ಗೊತ್ತಿದೆ' ಅಂತ ಉತ್ತರ ಕೊಡೋರು ಈ ಲೋಕದಲ್ಲಿ ನೀವೊಬ್ಬರೇ."

"ನೀವು ಬರೆಯೋಕೆ ಮುಂಚೆಯಿಂದಲೇ ನನಗೆ..." ಅವನು ಅಲ್ಲಿಗೇ ನಿಂತ.

ಅವಳು ಚೌಕದ ಒಳಗೆ ಹೊಸ ಸಾಲು ಬರೆದಳು: 'ಬಲ್ಲಿರಿ, ಸರಿ. ಒಪ್ಪುವಿರೋ?' ಕೀಬೋರ್ಡನ್ನು ಅವನ ಮುಂದಕ್ಕೆ ತಳ್ಳಿ, ಪರದೆಯನ್ನೇ ನೋಡುತ್ತ ಕೈಕಟ್ಟಿ ಕುಳಿತಳು. ಪಕ್ಕದಿಂದ ಅವನ ಉಸಿರು ಕೇಳುತ್ತಿತ್ತು. ಒಂದೊಂದೇ ಕೀಲಿ ಸದ್ದು ಮಾಡಿತು.

'ಒಪಿದೆ.'

ಅವಳು ಎರಡು ಸಲ ಓದಿದಳು. ಈ ಬಾರಿ ಮಾನಿಟರಿನ ತಪ್ಪೇನೂ ಇರಲಿಲ್ಲ.

"ಕರಡಿಯವರೇ, ಒಂದು ಒತ್ತು ಬಿಟ್ಟುಹೋಗಿದೆ."

"ಬಲ್ಲೆ" ಎಂದ ಅವನು. ಆ ಪದ ಬಾಯಿಂದ ಬಂದದ್ದನ್ನು ಅವಳು ಕೇಳಿದ್ದು ಅದೇ ಮೊದಲು. "ನೀನೇ ಒತ್ತು ಕೊಡು."

ನೀವು ಎಂಬುದು ನೀನು ಆದದ್ದನ್ನು ಅವಳು ಗಮನಿಸಿದಳು, ತಿದ್ದಲಿಲ್ಲ. ಕೀಲಿಗಳ ಮೇಲಿದ್ದ ಅವನ ಕೈಯ ಪಕ್ಕದಲ್ಲಿ ತನ್ನ ಕೈಯಿಟ್ಟು, ಪ ಅಕ್ಷರಕ್ಕೆ ಅದರ ಒತ್ತನ್ನು ಕೊಟ್ಟಳು.

ಯಜಮಾನರು ಹಿಂತಿರುಗಿದಾಗ ಒಂದು ಕಡೆ ಖಾಲಿ ನೀಲಿ ಪರದೆ, ಇನ್ನೊಂದು ಕಡೆ ಎರಡು ಕುರ್ಚಿ. ಅವರು ಹುಬ್ಬು ಗಂಟಿಕ್ಕಿದರು.

"ಇದೇನು, ಇಬ್ಬರೂ ಒಂದೇ ಕಡೆ ಕೂತಿದ್ದೀರಿ?"

"ಮಾನಿಟರ್ ಸರಿಹೋಯ್ತು ಸಾರ್" ಎಂದ ಕರಡಿ.

"ಅಂತೂ ದುಡ್ಡು ಉಳೀತು. ಏನು ಪುಟಮ್ಮ, ನನ್ನ ತಂಗಿಗೆ ಏನು ಹೇಳಲಿ? ಹೋಗ್ತೀಯೇನಮ್ಮ ಅಲ್ಲಿಗೆ?"

ಅವಳು ಪರದೆಯಿಂದ ಕಣ್ಣು ಕೀಳದೆ ಒಂದೇ ಪದದಲ್ಲಿ ಉತ್ತರಿಸಿದಳು.

ಯಜಮಾನರು ಕಿವಿಗೆ ಕೈಯಿಟ್ಟುಕೊಂಡರು. "ಏನಂದಳಪ್ಪಾ? ಬಲ್ಲೆ ಅಂದಳೋ, ಒಲ್ಲೆ ಅಂದಳೋ?"

"ಒಲ್ಲೆ ಅಂದಳು ಸಾರ್" ಎಂದ ಕರಡಿ, ಕಿವಿಯವರೆಗೆ ಕೆಂಪಾಗಿ. "ನೀರಿನ ಹಾಗೆ ಸ್ಪಷ್ಟವಾಗಿದೆಯಲ್ಲ."