ತಾತ್ಕಾಲಿಕ ಸಂಗೀತ

"ಈ ಮ್ಯೂಸಿಕ್ ಹಾಕಿದ ಪುಣ್ಯಾತ್ಮರು ಯಾರು?" ಎಂದು ಸಂಗೀತ ನಿರ್ದೇಶಕ ಕೇಳಿದಾಗ ಎಡಿಟಿಂಗ್ ರೂಮಿನಲ್ಲಿದ್ದವರೆಲ್ಲ ನಕ್ಕರು. ಎಡಿಟರ್ ಮಾತ್ರ ನಗಲಿಲ್ಲ. ಜಾರಿದ ಕನ್ನಡಕವನ್ನು ಒಂದೇ ಬೆರಳಿನಿಂದ ಮೇಲಕ್ಕೆ ತಳ್ಳಿ ಅವನನ್ನು ನೋಡಿದಳು.

"ನಾನೇ. ಯಾಕೆ?"

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಆ ಕಣ್ಣುಗಳ ಮುಂದೆ ಜಾಣನಾಗಬೇಕೆಂಬ ಆಸೆ ಅವನಿಗೆ.

ಅಸಲಿ ಸಂಗೀತ ಸಿದ್ಧವಾಗುವ ತನಕ ಎಡಿಟರ್‌ಗಳು ಎಲ್ಲಿಂದಲೋ ಒಂದು ತುಣುಕು ತಂದು ದೃಶ್ಯದ ಕೆಳಗೆ ಅಂಟಿಸಿರುತ್ತಾರೆ. ಟೆಂಪ್ ಅನ್ನುತ್ತಾರೆ ಅದಕ್ಕೆ. ಸಂಗೀತ ನಿರ್ದೇಶಕರಿಗೆ ಅದನ್ನು ಕಂಡರೆ ಸವತಿಯನ್ನು ಕಂಡಂತೆ. ಪರದೆಯ ಮೇಲೆ ಈಗ ನಾಯಕಿ ಖಾಲಿ ಮನೆಗೆ ಬೀಗ ಹಾಕುತ್ತಿದ್ದಳು. ಹಿಂದೆ ಒಂಟಿ ಪಿಯಾನೊ.

"ಪಾಪ, ತಡಕಾಡಿ ತಡಕಾಡಿ ನುಡಿಸ್ತಿದಾನೆ. ಇದನ್ನ ಮಾಡಿದವನಿಗೆ ಸಂಗೀತ ಬರಲ್ಲ, ಬರೀ ಅಳು ಬರುತ್ತೆ," ಎಂದುಬಿಟ್ಟ.

ಡೈರೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಂಗೆ ಇಷ್ಟ," ಎಂದಳು ಅವಳು. "ತುಂಬಾ ವರ್ಷದಿಂದ."

"ಮ್ಯೂಸಿಕ್ಕೋ, ಮಾಡಿದವನೋ?"

"ಎರಡೂ ಅಂದ್ಕೊಂಡಿದ್ದೆ."

ಅವಳ ತುಟಿಯಂಚಿನಲ್ಲಿ ಏನೋ ಮಿಂಚಿ ಮಾಯವಾಯಿತು. ಅದು ನಗುವೋ ನೋವೋ ತಿಳಿಯದೆ ಅವನು ಮನೆಗೆ ಬಂದ, ಗುರುತಿಲ್ಲದ ಆ ಪಿಯಾನೊದವನ ಮೇಲೆ ಹೊಟ್ಟೆಕಿಚ್ಚು ಹೊತ್ತು.

ಸಂಗೀತ ನಿರ್ದೇಶಕನಾಗಿ ಅವನಿಗೆ ಈಗ ದೊಡ್ಡ ಹೆಸರಿತ್ತು. ಹೀರೊ ಕಾರಿನಿಂದ ಇಳಿದರೆ ಸಾಕು, ಇವನ ಡ್ರಮ್ಸಿಗೆ ಥಿಯೇಟರಿನ ಕುರ್ಚಿಗಳು ಅದುರುತ್ತಿದ್ದವು. ಅಂಥವನಿಗೆ ಒಬ್ಬ ಅಳುಬುರುಕ ಯಾವ ಲೆಕ್ಕ? ಮರುದಿನ ಬೆಳಿಗ್ಗೆ ಹೊಸ ಸಂಗೀತ ಮಾಡಲೆಂದು ಆ ದೃಶ್ಯ ಹಾಕಿಕೊಂಡು ಕೂತ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅಕ್ಕ ಪಿಯಾನೊ ಜೊತೆಗೇ ಗುನುಗತೊಡಗಿದಳು. ಆಮೇಲೆ ಪಿಯಾನೊಗಿಂತ ಮುಂದೆ ಹೋದಳು. ಅವನು ಬೆಚ್ಚಿಬಿದ್ದ.

"ಮುಂದಿನ ಸಾಲು ನಿಂಗ್ಹೇಗೆ ಗೊತ್ತು?"

"ಗೊತ್ತಿಲ್ದೆ ಏನು? ರಿಲೀಸೇ ಆಗ್ಲಿಲ್ವಲ್ಲ, ನಿನ್ನ ಮೊದಲ್ನೇ ಸಿನಿಮಾ, ಅದಕ್ಕೆ ನೀನೇ ಮಾಡಿದ್ದು. ಬಾಗಿಲು ಹಾಕ್ಕೊಂಡು ಹಗಲೆಲ್ಲಾ ಬಾರಿಸಿ ನನ್ನ ತಲೆ ತಿಂದಿದ್ಯಲ್ಲೋ! ಆಗ ಚೆನ್ನಾಗಿ ಮಾಡ್ತಿದ್ದೆ ಬಿಡು."

ಅವನ ಕಿವಿ ಬಿಸಿಯಾಯಿತು. ಬೆನ್ನಿಗೇ ಆ ಸಿನಿಮಾದ ಎಡಿಟಿಂಗ್ ರೂಮು ನೆನಪಾಯಿತು. ಮೂಲೆಯಲ್ಲಿ ಒಬ್ಬ ಅಸಿಸ್ಟೆಂಟ್ ಹುಡುಗಿ ಕೂರುತ್ತಿದ್ದಳು. ಕನ್ನಡಕ ಮೇಲಕ್ಕೆ ತಳ್ಳುತ್ತಾ "ಇನ್ನೊಂದ್ಸಲ ಹಾಕ್ಲಾ?" ಎಂದು ಕೇಳುತ್ತಿದ್ದಳು. ಇವನು ತಿರುಗಿಯೂ ನೋಡದೆ ತಲೆಯಾಡಿಸುತ್ತಿದ್ದ. ಈಗ ನೆಲ ಬಾಯ್ಬಿಡಬಾರದೇ ಅನ್ನಿಸಿತು. ತನ್ನದೇ ಮಗುವನ್ನು ಬೀದಿಯಲ್ಲಿ ಕಂಡು ಗೇಲಿ ಮಾಡಿದಂತಾಗಿತ್ತು, ಅದೂ ಅದನ್ನು ಇಷ್ಟು ವರ್ಷ ಸಾಕಿದವಳ ಎದುರಿಗೆ.

ಫೋನಿನಲ್ಲಿ ಕ್ಷಮೆ ಕೇಳಬಹುದಿತ್ತು. ಆದರೆ ಗೇಲಿ ಮಾಡಿದ್ದು ಎಲ್ಲರ ಮುಂದೆ. ತಗ್ಗುವುದೂ ಎಲ್ಲರ ಮುಂದೆಯೇ ಆಗಲಿ ಎಂದುಕೊಂಡ. ಮತ್ತೆ ಎಲ್ಲರೂ ಸೇರಿದ ದಿನ ಡೈರೆಕ್ಟರು ಕೈ ಉಜ್ಜಿಕೊಂಡರು. "ಹೊಸ ಮ್ಯೂಸಿಕ್ ಎಲ್ಲಪ್ಪಾ?"

"ತಂದಿಲ್ಲ ಸರ್. ಮೊನ್ನೆ ಬಾಯಿಗೆ ಬಂದ ಹಾಗೆ ಅಂದೆನಲ್ಲ, ಅದು ನನ್ನದೇ. ಗೊತ್ತೇ ಆಗ್ಲಿಲ್ಲ." ಅವನು ಅವಳತ್ತ ತಿರುಗಿದ. "ನಿಮ್ಮ ಗುರುತೂ ಸಿಗಲಿಲ್ಲ. ಅದು ಇನ್ನೂ ನಾಚಿಕೆ. ತಪ್ಪಾಯ್ತು."

ಈ ಸಲ ಯಾರೂ ನಗಲಿಲ್ಲ. ಡೈರೆಕ್ಟರು ಗಂಟಲು ಸರಿಮಾಡಿಕೊಂಡು, "ನಡೀರಪ್ಪಾ, ಕಾಫಿ ಕುಡಿಯೋಣ," ಎಂದು ಉಳಿದವರನ್ನು ಎಬ್ಬಿಸಿಕೊಂಡು ಹೋದರು.

"ಆವತ್ತೇ ಹೇಳಬಹುದಿತ್ತಲ್ಲ?" ಎಂದು ಅವನು ಕೇಳಿದ.

"ಅಷ್ಟು ಜನರ ಮುಂದೆ ನಿಮ್ಮ ಮುಖ ಸಣ್ಣಗಾಗೋದನ್ನ ನೋಡೋಕೆ ನಂಗೆ ಇಷ್ಟ ಇರಲಿಲ್ಲ," ಎಂದಳು.

ತಾನು ಅವಳನ್ನು ನಗೆಪಾಟಲು ಮಾಡುತ್ತಿದ್ದಾಗ ಅವಳು ತನ್ನ ಮಾನ ಕಾಯುತ್ತಿದ್ದಳು! ಅವನಿಗೆ ತಲೆ ಎತ್ತಲಾಗಲಿಲ್ಲ.

"ಆ ಪಿಯಾನೊದವನು ಇನ್ನೂ ಇಷ್ಟಾನಾ?"

"ಅವನು ಇಷ್ಟಾನೇ. ಈಗಿನ ನಿಮ್ಮ ವಿಷಯ ಗೊತ್ತಿಲ್ಲ."

"ನಂಗೆ ನೀವು ಇಷ್ಟ. ಹೇಳೋ ಯೋಗ್ಯತೆ ಇಲ್ಲ, ಆದ್ರೂ ಹೇಳ್ತಿದೀನಿ."

ಅವಳು ಕಾಲಿನಿಂದ ಪಕ್ಕದ ಕುರ್ಚಿಯನ್ನು ಹತ್ತಿರಕ್ಕೆ ಎಳೆದಳು. ಅವನು ಕೂತ. ಅವಳು ಕೈ ಚಾಚಿ, ಕೆಂಡದಂತಾಗಿದ್ದ ಅವನ ಕಿವಿಯನ್ನು ತಣ್ಣನೆಯ ಬೆರಳುಗಳಿಂದ ಮುಟ್ಟಿದಳು.

"ಅಬ್ಬಾ, ಹೇಗೆ ಸುಡ್ತಿದೆ!"

"ಸುಡಲಿ ಬಿಡಿ," ಎಂದ ಅವನು. "ಕೈ ಮಾತ್ರ ತೆಗೀಬೇಡಿ."

ಅವಳು ತೆಗೆಯಲಿಲ್ಲ.